ಕೆರೆ ಕಡೆಯ ಪಂಜರ

“ಇವೆರಡೂ ಒಂದೇ ಮನೆಯವು, ಸೊಳ್ಳೆಯಮ್ಮ,” ಎನ್ನುತ್ತ ವಿಜ್ಞಾನಿ ಮೇಜಿನ ಮೇಲಿದ್ದ ಕಾಗದವನ್ನು ಅವಳ ಕಡೆಗೆ ತಿರುಗಿಸಿದರು.

ಸೊಳ್ಳೆಯಮ್ಮ ಅಂದರೆ ಅವಳಿಗೇನೂ ಬೇಜಾರಿರಲಿಲ್ಲ. ಹದಿನೆಂಟು ವರ್ಷದಿಂದ ಆ ಸಂಶೋಧನಾ ಕೇಂದ್ರದಲ್ಲಿ ಸೊಳ್ಳೆ ಸಾಕುವುದೇ ಅವಳ ಕೆಲಸ. ಲೋಕವೆಲ್ಲ ಅಂಗೈಯಲ್ಲಿ ಹೊಡೆದು ಸಾಯಿಸುವ ಪ್ರಾಣಿಗೆ ಅವಳು ಹತ್ತಿಯಲ್ಲಿ ಸಕ್ಕರೆ ನೀರು ಕುಡಿಸುತ್ತಿದ್ದಳು, ಸೆಕೆಯಾದೀತೆಂದು ಪಂಜರಗಳ ಮೇಲೆ ಒದ್ದೆ ಟವೆಲ್ಲು ಹೊದಿಸುತ್ತಿದ್ದಳು. “ಮದುವೆ ಯಾಕೆ ಬೇಕು ಇವಳಿಗೆ, ಪಂಜರಕ್ಕೆರಡು ಸಾವಿರ ಮಕ್ಕಳು,” ಎಂದು ಗುಮಾಸ್ತರು ರೇಗಿಸಿದರೆ, “ನಿಮ್ಮ ಮಕ್ಕಳಿಗಿಂತ ಹೇಳಿದ ಮಾತು ಕೇಳ್ತಾವೆ ಬಿಡಿ,” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕಾಗದದ ತುಂಬ ಬಣ್ಣದ ಪಟ್ಟಿಗಳಿದ್ದವು. ಈ ವಿಜ್ಞಾನಿ ಬಂದು ಇನ್ನೂ ಐದು ತಿಂಗಳು. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸೊಳ್ಳೆಗಳನ್ನು ಅರೆದು ಅವುಗಳ ವಂಶವಾಹಿ ಓದುವುದು ಅವರ ವಿದ್ಯೆ. ಎರಡನೇ ಪಂಜರದಲ್ಲಿದ್ದದ್ದು ಮೂವತ್ತು ವರ್ಷದಿಂದ ಕೇಂದ್ರದೊಳಗೇ ಹುಟ್ಟಿ ಸಾಯುತ್ತಿದ್ದ ಹಳೇ ತಳಿ, ಸೊಳ್ಳೆ ಮದ್ದು ಸೋಕಿದರೆ ಉದುರಿ ಬೀಳುವಂಥದ್ದು. ಮೂರನೆಯದರಲ್ಲಿದ್ದದ್ದು ಕೆರೆ ಕಡೆಯ ಹಳ್ಳಿಗಳಲ್ಲಿ ಹಿಡಿದು ತಂದ ಸೊಳ್ಳೆಗಳ ಸಂತತಿ. ಆ ಹಳ್ಳಿಗಳಿಗೆ ಯಾವ ಮದ್ದು ಸವರಿದ ಸೊಳ್ಳೆಪರದೆ ಹಂಚಬೇಕೆಂದು ತೀರ್ಮಾನವಾಗುತ್ತಿದ್ದದ್ದು ಈ ಮೂರನೇ ಪಂಜರದ ಪರೀಕ್ಷೆಯಿಂದಲೇ. ಕಾಗದದಲ್ಲಿ ಎರಡಕ್ಕೂ ಒಂದೇ ಹಸಿರು ಬಣ್ಣ. ಹೋದ ತಿಂಗಳು ಕೆರೆ ದಂಡೆಯಿಂದ ಹೊಸದಾಗಿ ಹಿಡಿದು ತಂದವುಗಳ ಪಟ್ಟಿ ಮಾತ್ರ ಕೆಂಪಗೆ, ಬೇರೆಯೇ ಆಗಿ ನಿಂತಿತ್ತು.

“ಯಾವಾಗ್ಲೋ ನಾಲ್ಕು ಸೊಳ್ಳೆ ಈ ಪಂಜರದಿಂದ ಆ ಪಂಜರಕ್ಕೆ ಹಾರಿ ಸೇರ್ಕೊಂಡಿರಬೇಕು,” ಎಂದರು ವಿಜ್ಞಾನಿ. “ಎಲ್ಲ ಕಡೆ ಆಗೋದೇ. ನಿಮ್ಮನ್ನ ಯಾರೂ ಏನೂ ಅನ್ನಲ್ಲ.”

“ಇರಬಹುದು ಸಾರ್,” ಎಂದಳು.

“ಆದ್ರೆ ಈ ಕೆಂಪು ನೋಡಿ. ನೂರರಲ್ಲಿ ತೊಂಬತ್ತಕ್ಕೆ ಮದ್ದು ನಾಟೋದೇ ಇಲ್ಲ. ಪರದೆ ಮೇಲೆ ಆರಾಮಾಗಿ ಕೂತು, ಒಳಗೆ ಮಲಗಿದವರ ಕೈಯೋ ಕಾಲೋ ಬಟ್ಟೆಗೆ ಒತ್ಕೊಂಡಿದ್ರೆ ಅಲ್ಲಿಂದಲೇ ಕಚ್ಚುತ್ತವೆ. ಹಳೇ ಪರೀಕ್ಷೆಗಳ ಲೆಕ್ಕ ನೋಡಿದ್ರೆ, ನಾವು ಆರು ವರ್ಷದಿಂದ ಇಲ್ಲಿನ ಹಳೇ ಸೊಳ್ಳೆ ಕೊಂದು, ಅಲ್ಲಿನವರಿಗೆ ಹೆದರಬೇಡಿ ಅಂತ ಹೇಳ್ತಾ ಬಂದಿದೀವಿ.”

ಅವಳು ಕುರ್ಚಿಯ ಅಂಚನ್ನು ಹಿಡಿದುಕೊಂಡಳು. ಆರು ವರ್ಷ ಅಂದರೆ ಯಾವ ವಾರ, ಯಾವ ದಿನ ಎಂದು ಅವಳಿಗೆ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಎರಡು ದಿನ ರಜೆ ಹಾಕಿ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಟವೆಲ್ಲು ಒದ್ದೆ ಮಾಡಬೇಕೆಂದು ಕಾವಲುಗಾರನಿಗೆ ಹೇಳಲು ಮರೆತಿದ್ದಳು. ಮರೆತದ್ದು ಅಷ್ಟೇ, ಅದಕ್ಕಿಂತ ದೊಡ್ಡ ಪಾಪವೇನೂ ಇರಲಿಲ್ಲ. ತಿರುಗಿ ಬಂದಾಗ ಎರಡನೇ ಪಂಜರ ಹೇಗೋ ಉಳಿದಿತ್ತು. ಕಿಟಕಿ ಪಕ್ಕದ ಮೂರನೆಯದರ ನೆಲದ ಮೇಲೆ ಸೊಳ್ಳೆಗಳು ಎಳ್ಳು ಚೆಲ್ಲಿದ ಹಾಗೆ ಸತ್ತು ಬಿದ್ದಿದ್ದವು. ಜೀವ ಹಿಡಿದುಕೊಂಡಿದ್ದದ್ದು ಮೂವತ್ತೋ ನಲವತ್ತೋ. ಮರುದಿನ ತಪಾಸಣೆಯವರು ಬರುವವರಿದ್ದರು. ಹಳೇ ದೊಡ್ಡ ಸಾಹೇಬರು ನಿವೃತ್ತಿಯ ಗಡಿಬಿಡಿಯಲ್ಲಿದ್ದರು. ಅವಳು ಎರಡನೇ ಪಂಜರದ, ಬೆಳಗಾಗುವುದರೊಳಗೆ ರೆಕ್ಕೆ ಮೂಡಲಿದ್ದ ಮರಿಹುಳುಗಳನ್ನು ಮೂರು ಬಟ್ಟಲು ತಂದು ಮೂರನೆಯದರೊಳಗೆ ಇಟ್ಟಳು. ಮನೆಯಲ್ಲಿ ಮೊಸರು ಕೆಟ್ಟರೆ ಪಕ್ಕದ ಮನೆಯಿಂದ ಹೆಪ್ಪು ತರುವುದಿಲ್ಲವೇ, ಇದೂ ಹಾಗೇ ಅಂದುಕೊಂಡಳು. ನೋಡಲು ಎರಡೂ ಒಂದೇ ಥರ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಸಾಹೇಬರು ಹೋದರು, ಹೇಳುವ ಹೊತ್ತೂ ಹೋಯಿತು. ಅದಕ್ಕೆ ಮೊದಲಿನ ಪರೀಕ್ಷೆಯಲ್ಲಿ ನೂರಕ್ಕೆ ಎಪ್ಪತ್ತು ಸತ್ತಿದ್ದವು, ಆಮೇಲಿನದರಲ್ಲಿ ತೊಂಬತ್ತೆಂಟು. ಮೊದಲನೆಯದರಲ್ಲೇ ಏನೋ ಎಡವಟ್ಟಾಗಿರಬೇಕೆಂದು ಎಲ್ಲರೂ ನೆಮ್ಮದಿಪಟ್ಟರು. ಅವಳೂ ಪಟ್ಟಳು.

“ಹಾರಿ ಬಂದದ್ದಲ್ಲ ಸಾರ್,” ಎಂದಳು ಈಗ. “ನಾನೇ ತಂದು ಹಾಕಿದ್ದು.”

ಎಲ್ಲವನ್ನೂ ಹೇಳಿದಳು. ವಿಜ್ಞಾನಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. “ಬರೆದುಕೊಡಿ,” ಎಂದರು ಕೊನೆಗೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಅಲ್ಲೇ ಕೂತು ಒಂದೂವರೆ ಪುಟ ಬರೆದು ಸಹಿ ಹಾಕಿದಳು. ಗುಮಾಸ್ತರಿಗೆ ಅರ್ಧ ದಿನದ ರಜಾ ಚೀಟಿ ಕೊಟ್ಟು ಬಸ್ಸು ಹತ್ತಿದಳು.

ಕೆರೆ ದಂಡೆಯ ಮೂರನೇ ಹಳ್ಳಿಯಲ್ಲಿ ಅವಳ ತಂಗಿಯ ಮನೆ. ಮೂರು ವರ್ಷದ ಹಿಂದೆ ತಂಗಿಯ ಐದು ವರ್ಷದ ಮಗಳು ನಾಲ್ಕು ದಿನದ ಮಲೇರಿಯಾ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಆಸ್ಪತ್ರೆಯ ಓಣಿಯಲ್ಲಿ ತಂಗಿ ಎದೆ ಬಡಿದುಕೊಂಡು, “ಪರದೆ ಒಳಗೇ ಮಲಗಿಸ್ತಿದ್ದೆ ಅಕ್ಕ, ಒಂದು ದಿನ ತಪ್ಪಿಸಿಲ್ಲ,” ಎಂದಾಗ ಇವಳು ಏನು ಹೇಳಿದಳು? ಸಂಕಟಕ್ಕೆ ಹೇಳಿದ್ದೇ ಇರಬಹುದು. ಆದರೆ ತಂಗಿಯ ಗಂಡನೂ ಅಲ್ಲೇ ನಿಂತು ಕೇಳಿಸಿಕೊಂಡಿದ್ದ. ಇವಳು ಅಂದದ್ದು ಇದು: “ಸುಳ್ಳು ಹೇಳಬೇಡ. ಆ ಪರದೆ ಮುಟ್ಟಿದ ಸೊಳ್ಳೆ ಬದುಕಲ್ಲ, ನೂರು ಸಲ ಕಣ್ಣಾರೆ ನೋಡಿದೀನಿ. ಅಂಚು ಹಾಸಿಗೆಯಡಿ ಸಿಕ್ಕಿಸೋದು ಮರೆತಿದೀಯ ನೀನು.” ಅಂದಿನಿಂದ ಅವನು ತಂಗಿಯ ಜೊತೆ ಬೇಕೇ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದ: ನೀರು ಕೊಡು, ಬಾಗಿಲು ಹಾಕು. ಆಮೇಲೆ ಒಂದು ಗಂಡುಮಗು ಹುಟ್ಟಿದರೂ ಮನೆಯ ಬಾಯಿ ತೆರೆಯಲಿಲ್ಲ.

ತಂಗಿ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು. ಹಗಲು ಇಳಿಯುತ್ತಿತ್ತು. “ಇದೇನಕ್ಕ, ಹೇಳದೆ ಕೇಳದೆ? ಹುಷಾರಾಗಿದೀಯ ತಾನೇ?”

ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಅವಳಿಗೆ ಕೈಕೊಟ್ಟವು. ಪಂಜರ, ಟವೆಲ್ಲು, ಬಟ್ಟಲು ಎಂದು ತಡವರಿಸುತ್ತಲೇ ಹೇಳಿದಳು. ತಂಗಿಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಸಲ ಹೇಳಿದಾಗ ಮಡಚುತ್ತಿದ್ದ ಅಂಗಿ ಕೈಯಲ್ಲೇ ಉಳಿಯಿತು.

“ಅಂದ್ರೆ ನಾನು ಸಿಕ್ಕಿಸಿದ್ದೆ,” ಎಂದಳು ತಂಗಿ.

“ಸಿಕ್ಕಿಸಿದ್ದೆ ಕಣೇ.”

“ನನಗೆ ಮರೆತದ್ದೇ ನೆನಪಿದೆ ಅಕ್ಕ. ಮೊದಮೊದಲು ಇಲ್ಲ, ಸಿಕ್ಕಿಸಿದ್ದೆ ಅಂತಿದ್ದೆ. ಆಮೇಲೆ ಒಂದಿನ, ಅಂಚು ನೆಲಕ್ಕೆ ಜೋತಾಡ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತು. ದಿನಾ ಕಾಣುತ್ತೆ. ಅದು ಆಗೇ ಇಲ್ವಾ?”

“ಆಗಿಲ್ಲ.”

ಅವಳು ತಂಗಿಯ ಕೈ ಹಿಡಿಯಲು ಹೋದಳು. ತಂಗಿ ಸಿಟ್ಟಿಲ್ಲದೆ ಕೈ ಹಿಂದಕ್ಕೆಳೆದುಕೊಂಡಳು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

“ಅವರು ಕೆಲಸದಿಂದ ಬರೋ ಹೊತ್ತಾಯ್ತು,” ಎಂದಳು. “ಅವತ್ತು ಅವರ ಮುಂದೆ ಹೇಳಿದ್ದೆಯಲ್ಲ. ಇದನ್ನೂ ಅವರ ಮುಂದೇ ಹೇಳು. ಹೇಳಿಬಿಟ್ಟು ಹೋಗು. ಮತ್ತೆ ಈ ಕಡೆ ಬರಬೇಡ.”

“ಬರಲ್ಲ,” ಎಂದಳು. ಹೆತ್ತವರು ಹೋದಮೇಲೆ ಅವಳಿಗೆ ನನ್ನವರು ಅಂತ ಇದ್ದದ್ದು ಇದೊಂದೇ ಮನೆ.

ಕೆರೆಯ ಮೇಲೆ ಬೆಳಕು ಸಣ್ಣಗಾಗುತ್ತ ಬಂತು. ತಂಗಿ ಒಳಗೆ ಹೋಗಿ, ನಿದ್ದೆ ಹತ್ತಿದ್ದ ಕೂಸನ್ನು ಮಂಚದ ಮೇಲೆ ಮಲಗಿಸಿ ಪರದೆ ಇಳಿಸಿದಳು. ಅದು ಸರಕಾರ ಹಂಚಿದ ಅದೇ ನೀಲಿ ಪರದೆ. ಮನೆಯಲ್ಲಿ ಬೇರೆ ಇರಲಿಲ್ಲ, ಆ ಊರಿನಲ್ಲೇ ಇರಲಿಲ್ಲ. ಅಂಚನ್ನು ಹಾಸಿಗೆಯಡಿ ಸಿಕ್ಕಿಸುತ್ತಾಳೆಂದು ಬಾಗಿಲಲ್ಲಿ ನಿಂತ ಅಕ್ಕ ಅಂದುಕೊಂಡಳು. ತಂಗಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದ್ದ ದಬ್ಬಳ ತೆಗೆದು, ದಪ್ಪ ದಾರ ಪೋಣಿಸಿ, ಪರದೆಯ ಅಂಚನ್ನು ಹಾಸಿಗೆಗೆ ಹೊಲಿಯಲು ಶುರುಮಾಡಿದಳು. ಹಾಸಿಗೆಯ ಸುತ್ತ ಹಳೆಯ ತೂತುಗಳು ಸಾಲುಸಾಲಾಗಿದ್ದವು. ಪ್ರತಿ ಸಂಜೆ ಹೊಲಿದು ಪ್ರತಿ ಬೆಳಿಗ್ಗೆ ಬಿಚ್ಚಿದ ಗುರುತು.

“ಅದರಿಂದ ಏನೂ...” ಎಂದ ಅಕ್ಕ ಅಲ್ಲಿಗೇ ನಿಲ್ಲಿಸಿದಳು.

ಒಳಗೆ ಮಗು ಮಗ್ಗಲು ಬದಲಿಸಿತು. ಅದರ ಅಂಗೈ ಬಂದು ನೀಲಿ ಬಟ್ಟೆಗೆ ಚಪ್ಪಟೆಯಾಗಿ ಒತ್ತಿಕೊಂಡಿತು. ತಂಗಿ ಹೊಲಿಗೆ ನಿಲ್ಲಿಸಿ, ಹೊರಗಿನಿಂದಲೇ ಎರಡು ಬೆರಳಲ್ಲಿ ಆ ಕೈಯನ್ನು ಮೆಲ್ಲಗೆ ಒಳಕ್ಕೆ ನೂಕಿದಳು. ಕೈ ಮತ್ತೆ ಬಂತು. ಮತ್ತೆ ನೂಕಿದಳು.

ಅಂಗಳದಲ್ಲಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ ಸದ್ದಾಯಿತು.

“ಬಂದ್ರು. ಹೋಗು, ಹೇಳು,” ಎಂದಳು ತಂಗಿ ತಲೆಯೆತ್ತದೆ. ಅವಳ ಎರಡು ಬೆರಳು ಪರದೆಯ ಮೇಲೇ ಇದ್ದವು.