ಟೆಂಪೋ ಹತ್ತಿದ ಜಾಗ

ಹಾಜರಿ, ಸಂಬಳ, ಲೆಕ್ಕಪತ್ರ ಮೂರನ್ನೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿದವಳು ನಾನೇ. ಇನ್ನು ಯಾವ ಕಟ್ಟಡಕ್ಕೆ ಎಷ್ಟು ಕೂಲಿ ಹೋಯಿತೆಂದು ತಾನಾಗಿ ತಿಳಿಯುತ್ತದೆ ಎಂದು ಕಂತ್ರಾಟುದಾರ ದೇವರಾಜ ನಾಯ್ಕರಿಗೆ ಹೇಳಿದ್ದೆ. ತಿಂಗಳ ಕೊನೆಗೆ ನೋಡಿದರೆ ಹೊನ್ನಾವರದ ಕಟ್ಟಡದ ಕೂಲಿ ವಿಪರೀತ ಏರಿತ್ತು. ಕುಮಟೆಯಲ್ಲಿ ನಾವು ಕಟ್ಟುತ್ತಿದ್ದ ಶಾಲೆ ಮಾತ್ರ ಪುಕ್ಕಟೆ ಏಳುತ್ತಿರುವಂತಿತ್ತು.

ನಾಯ್ಕರು ಹೊನ್ನಾವರದ ಮೇಸ್ತ್ರಿ ತಿಮ್ಮಪ್ಪಣ್ಣನನ್ನು ಆಫೀಸಿಗೆ ಕರೆಸಿ, ಎಲ್ಲರೆದುರೇ ಕೇಳಿದರು. "ಇಲ್ಲದ ಆಳುಗಳ ಹೆಸರು ಹಾಕ್ಸಿದ್ಯಾ ಎಂತ?"

"ನಾ ಎಂತಕ್ಕೆ ಸುಳ್ಳು ಹಾಕ್ಸಲಿ ನಾಯ್ಕರೆ? ನಂಬ್ಕೆ ಇಲ್ದಿದ್ರೆ ತಗಳಿ." ಅವನು ಗೋದಾಮಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟ.

ಆಗ ನನಗೆ ಹೊಳೆಯಿತು. ಕುಮಟೆಗೆ ಹೋಗುವ ಆಳುಗಳೂ ಬೆಳಿಗ್ಗೆ ಹೊನ್ನಾವರದ ಕಟ್ಟಡದೆದುರೇ ಟೆಂಪೋ ಹತ್ತುತ್ತಾರೆ. ಹತ್ತುವಾಗಲೇ ಮೊಬೈಲಿನಲ್ಲಿ ಹಾಜರಿ ಹಾಕುತ್ತಾರೆ. ಹಾಜರಿ ಬಿದ್ದ ಜಾಗವೇ ಕೆಲಸದ ಜಾಗ ಎಂದು ಹಿಡಿಯುವಂತೆ ನಾನು ಜೋಡಿಸಿಬಿಟ್ಟಿದ್ದೆ.

ಆಗಲೇ ಹೇಳಬಹುದಿತ್ತು. ಆದರೂ ಅವನು ಬಾಗಿಲು ದಾಟಿ ಅಂಗಳಕ್ಕೆ ಇಳಿಯುವವರೆಗೆ ನಾನು ಪರದೆಯನ್ನೇ ನೋಡುತ್ತ ಕುಳಿತೆ. ಆಮೇಲೆ ಎದ್ದು ಕೂಗಿದೆ. "ತಿಮ್ಮಪ್ಪಣ್ಣ, ನಿಲ್ಲು. ತಪ್ಪು ನನ್ನದು."

ಅವನು ಒಳಗೆ ಬಂದ ಮೇಲೆ ಎಲ್ಲವನ್ನೂ ವಿವರಿಸಿದೆ. ನಾಯ್ಕರು ಬೀಗದ ಕೈಯನ್ನು ಅವನತ್ತ ಸರಿಸಿದರು.

"ಹಂಗಾದ್ರೆ ಟೆಂಪೋದಲ್ಲಿ ನಿದ್ದೆ ಹೊಡ್ದವ್ರ ಸಂಬಳನೂ ನನ್ನ ತಲೆಗೇನಾ!" ಎಂದು ತಿಮ್ಮಪ್ಪಣ್ಣ ನಕ್ಕ. ಮತ್ತೆ ನನ್ನ ಕಡೆ ತಿರುಗಿದ. "ಆತು ಬಿಡು ತಂಗಿ. ಬೇರೆಯವ್ರಾಗಿದ್ರೆ ಬಾಯೇ ಬಿಡ್ತಿರ್ಲಿಲ್ಲ. ನೀನಾಗಿದ್ಕೆ ಕೂಡ್ಲೆ ಹೇಳ್ದೆ."

'ಕೂಡ್ಲೆ' ಎಂದ ಅವನ ಮುಖವನ್ನು ನೋಡಲಾಗದೆ ನಾನು ಮತ್ತೆ ಪರದೆಯ ಕಡೆಗೇ ತಿರುಗಿದೆ.