ಸಿಡಿಲಾಳು ಉಸಿರಾಡಿದ

ಸಿನಿಮಾದ ಸಿಡಿಲಾಳು ಸತ್ತನೋ ಬದುಕಿದ್ದಾನೋ ಎಂಬ ಮೊಕದ್ದಮೆ ಆ ಕ್ಷೌರದಂಗಡಿಯಲ್ಲಿ ಬಹಳ ದಿನಗಳಿಂದ ನಡೆಯುತ್ತಿತ್ತು. ನ್ಯಾಯಾಧೀಶ ಅಂಗಡಿಯ ಯಜಮಾನನೇ. ಕೈಯಲ್ಲಿ ಕತ್ತರಿ ಹಿಡಿದವನ ಮಾತನ್ನು ಕತ್ತರಿಸುವ ಧೈರ್ಯ, ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತವನಿಗೆ ಎಲ್ಲಿಂದ ಬರಬೇಕು? ‘ಸತ್ತ’ ಪಕ್ಷದ ವಕೀಲರು ಕಾಲೇಜಿನ ಗಣಿತದ ಮೇಷ್ಟ್ರು. ‘ಇದ್ದಾನೆ’ ಪಕ್ಷದ ವಕೀಲ, ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು. ಇವನು ಬೇರೇನನ್ನೂ ಅಷ್ಟಾಗಿ ಓದಿದವನಲ್ಲ, ಆದರೆ ಆ ಸಿನಿಮಾವನ್ನು ಮಾತ್ರ ಒಂದಕ್ಷರ ಬಿಡದೆ ಓದಿದ್ದ.

ಕಥೆ ಎಲ್ಲರಿಗೂ ಬಾಯಿಪಾಠ. ಎರಡನೇ ಭಾಗದ ಕೊನೆಯಲ್ಲಿ ಸೇತುವೆ ಮುರಿಯುತ್ತದೆ. ಸಿಡಿಲಾಳು ಅದನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತಾನೆ. ಕೊನೆಯ ಬಸ್ಸು ದಾಟುತ್ತದೆ, ಸೇತುವೆ ಬೀಳುತ್ತದೆ, ತೆರೆ ಕಪ್ಪಾಗುತ್ತದೆ. ಜನ ಕಣ್ಣೊರೆಸಿಕೊಳ್ಳುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆ ಕತ್ತಲೊಳಗಿಂದ ಒಂದು ಉಸಿರು, ತಡೆತಡೆದು ಒಳಗೆಳೆದುಕೊಂಡದ್ದು. ಅದರ ಬೆನ್ನಿಗೆ ಸಣ್ಣದೊಂದು ‘ಹ್ಞೂಂ?’. ಅಷ್ಟೇ. ಹೆಸರುಗಳು ಮೇಲೇರತೊಡಗುತ್ತವೆ.

ಅಷ್ಟು ಕಾಂಕ್ರೀಟು ಮೈಮೇಲೆ ಬಿದ್ದರೆ ಎದೆಗೂಡು ಹಪ್ಪಳವಾಗುತ್ತದೆಂದು ಮೇಷ್ಟ್ರು ಕನ್ನಡಿಯ ಮೇಲೆ ಸೋಪಿನ ನೊರೆಯಲ್ಲೇ ಲೆಕ್ಕ ಮಾಡಿ ತೋರಿಸಿದ್ದರು. ಹಾಗಾದರೆ ಉಸಿರಾಡಿದ್ದು ಯಾರು, ನಿಮ್ಮ ಲೆಕ್ಕವಾ ಎಂದು ಮೀಟರಿನವನು ಕೇಳಿದ್ದ. ಕೇಳಿದ್ದು ಮೇಷ್ಟ್ರ ದನಿಯಲ್ಲೇ, ಮೂಗಿನಿಂದ. ಯಜಮಾನ ನಕ್ಕು ನಕ್ಕು ಒಬ್ಬ ಗಿರಾಕಿಯ ಒಂದು ಕಡೆಯ ಮೀಸೆಯನ್ನು ಗಿಡ್ಡ ಮಾಡಿಬಿಟ್ಟಿದ್ದ.

ಆ ಬೆಳಿಗ್ಗೆ ಕುರ್ಚಿಯಲ್ಲಿ ಗಿಣಿ ಕೂತಿದ್ದ. ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಪರಭಾಷೆಯ ಸಿನಿಮಾಗಳಿಗೆ ನಮ್ಮ ಭಾಷೆಯ ದನಿ ಕೊಡುವುದು ಅವನ ಕೆಲಸ. ಕಳ್ಳ, ಪೊಲೀಸು, ಪಕ್ಕದ ಮನೆಯವನು, ಆ ಮನೆಯ ನಾಯಿ, ಎಲ್ಲರಿಗೂ ಅವನೇ. ಗುಂಪಿನಲ್ಲಿ ಗೋವಿಂದ ಅನ್ನುವುದಕ್ಕೂ ಅವನೇ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದವನಿಗೆ ಮೀಟರಿನವನ ಹೊಸ ವಾದ ಕೇಳಿಸಿತು.

“ಸೇತುವೆಗೆ ಮುಂಚೆ ಮಾತಾಡೋನೇ ಬೇರೆ, ಸೇತುವೆ ಮೇಲೆ ಮಾತಾಡೋನೇ ಬೇರೆ,” ಎಂದ ಮೀಟರಿನವನು. “ಕಣ್ಣು ಮುಚ್ಕೊಂಡು ಕೇಳಿ ಮೇಷ್ಟ್ರೇ. ಮೊದಲಿನೋನು ‘ಬಿಡು’ ಅನ್ನೋವಾಗ ಒಂಚೂರು ಎಳೀತಾನೆ. ಸೇತುವೆ ಮೇಲಿರೋನೂ ಎಳೀತಾನೆ. ಆದ್ರೆ ಜಾಸ್ತಿ ಎಳೀತಾನೆ. ನಾನು ನಾನೇ ಅಂತ ಸಾಬೀತು ಮಾಡೋ ಅವಸರ ನಿಜವಾದೋನಿಗೆ ಯಾಕಿರುತ್ತೆ? ಇವನು ವೇಷದೋನು. ಸೇತುವೆ ಜೊತೆ ಬಿದ್ದಿದ್ದು ನಕಲಿ. ಕತ್ತಲಲ್ಲಿ ಉಸಿರಾಡಿದ್ದು ಅಸಲಿ.”

ಗಿಣಿಯ ಕೊರಳು ತಾನಾಗಿ ಅಲುಗಿತು. ಕತ್ತಿಯ ಅಂಚು ದವಡೆಯ ಕೆಳಗೆ ಸಣ್ಣದೊಂದು ಕೆಂಪು ಗೆರೆ ಎಳೆಯಿತು. ಸಿನಿಮಾದವರ ಸುದ್ದಿ ಬಂದ ಕೂಡಲೇ ತಲೆ ಕುಣಿಸಿದರೆ ತಲೆ ನಿಮ್ಮದು, ಕೆಟ್ಟ ಹೆಸರು ನನ್ನದು ಎಂದು ಯಜಮಾನ ಗೊಣಗುತ್ತ ಪಟಿಕ ಒತ್ತಿದ.

ಮೀಟರಿನವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸೇತುವೆಯ ಮೇಲಿದ್ದ ನಕಲಿ, ಗಿಣಿಯೇ.

ಅಸಲಿ ಅವನ ಅಣ್ಣ. ಸಿಡಿಲಾಳಿನ ಮೊದಲ ಭಾಗವಿಡೀ, ಎರಡನೆಯದರ ಮುಕ್ಕಾಲು ಪಾಲು, ನಮ್ಮ ಭಾಷೆಯ ದನಿ ಅಣ್ಣನದು. ‘ಆಳು ಅಂದ್ಮೇಲೆ ಕೂಲಿ ಕೊಡ್ಬೇಕಲ್ವಾ’ ಎಂದು ಸಿನಿಮಾ ಕಂಪನಿಯವರನ್ನು ಕಾಡುತ್ತಿದ್ದ, ಪ್ರತಿ ಮಾತಿಗೂ ಒಂದು ಚೇಷ್ಟೆ ಸಿಕ್ಕಿಸುತ್ತಿದ್ದ ಅಣ್ಣ ಸೇತುವೆಯ ದೃಶ್ಯ ಬಾಕಿ ಇರುವಾಗ ಒಂದು ಸಂಜೆ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತವನು ಎದ್ದೇಳಲಿಲ್ಲ. ದನಿ ಬದಲಾದರೆ ಚಿತ್ರ ಬಿದ್ದೀತು ಎಂದು ಕಂಪನಿ ಹೆದರಿತು. ತಮ್ಮನನ್ನು ನಿಲ್ಲಿಸಿತು. ಹೆಸರು ಅಣ್ಣನೊಬ್ಬನದೇ ಹೋಗಲಿ ಎಂದವನು ಗಿಣಿಯೇ. ತೆರೆಯ ಮೇಲೆ ಸೇತುವೆ ಹೊತ್ತವನು ಸಿಡಿಲಾಳು. ಅವನ ಕೆಳಗೆ ನಿಂತು ಅಣ್ಣನನ್ನು ಹೊತ್ತವನು ಇವನು.

ಹೊತ್ತದ್ದನ್ನು ಇಳಿಸಲು ಮಾತ್ರ ಆಗಲಿಲ್ಲ. ಆ ವಾರದ ನಂತರ ಬಾಯಿ ತೆರೆದರೆ ಅಣ್ಣ ಬರುತ್ತಿದ್ದ. ತರಕಾರಿ ಕೊಳ್ಳುವಾಗ ಅಣ್ಣ, ಆಕಳಿಸುವಾಗ ಅಣ್ಣ. ಒಮ್ಮೆ ಅತ್ತಿಗೆಗೆ ಫೋನು ಮಾಡಿ “ನಾನು” ಎಂದಷ್ಟೇ ಅಂದ. ಆ ಕಡೆ ಏನೋ ಬಿದ್ದು ಒಡೆದ ಸದ್ದು. ಆಮೇಲೆ ಅತ್ತಿಗೆ ಹೇಳಿದಳು: “ನನ್ನ ಮುಂದೆ ಆ ದನಿ ತರಬೇಡಪ್ಪ. ಕೈ ಮುಗೀತೀನಿ.” ಅವನು ಮಾತು ಕೊಟ್ಟ. ಕೊಟ್ಟ ಮಾತು ಉಳಿಸಲು ಆಡುವ ಮಾತು ಬಿಡಬೇಕಾಯಿತು. ಅತ್ತಿಗೆಯ ಮುಂದೆ ಯಾರದೂ ಅಲ್ಲದ ಒಂದು ಸಪ್ಪೆ ದನಿಯಲ್ಲಿ ಹೌದು, ಅಲ್ಲ, ಆಮೇಲೆ ಎನ್ನುತ್ತಿದ್ದ. ತನ್ನದು ಎಂಬ ದನಿ ಹೇಗಿತ್ತೆಂದು ಎಷ್ಟು ತಡಕಿದರೂ ಸಿಗಲಿಲ್ಲ. ಊರ ದನಿಗಳನ್ನೆಲ್ಲ ಜೇಬಲ್ಲಿಟ್ಟುಕೊಂಡವನ ಜೇಬಿನಿಂದ ಅವನದೇ ಬಿದ್ದುಹೋಗಿತ್ತು.

ಇನ್ನು ಆ ಉಸಿರು. ಅದು ಮೂಲ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಸೇತುವೆ ಬೀಳುತ್ತದೆ, ಕತ್ತಲಾಗುತ್ತದೆ, ಸಿಡಿಲಾಳು ಸಾಯುತ್ತಾನೆ. ಲೋಕದ ಉಳಿದೆಲ್ಲ ಭಾಷೆಗಳಲ್ಲಿ ಅವನು ಸತ್ತಿದ್ದಾನೆ. ನಮ್ಮ ಭಾಷೆಯಲ್ಲಿ ಮಾತ್ರ ಉಸಿರಾಡುತ್ತಾನೆ.

ಆದದ್ದು ಇಷ್ಟು. ಧ್ವನಿ ಕೊಡುವ ಕೋಣೆಯಲ್ಲಿ ಮಾತಿನಂತೆ ಮೌನವನ್ನೂ ಹಿಡಿದಿಡುತ್ತಾರೆ. ಒಂದೊಂದು ಕೋಣೆಯ ಮೌನಕ್ಕೂ ಒಂದೊಂದು ಬಣ್ಣ. ಮಾತಿನ ನಡುವಿನ ತೂತುಗಳಿಗೆ ತೇಪೆ ಹಾಕಲು ಅದೇ ಬಣ್ಣದ ಬಟ್ಟೆ ಬೇಕು. ಅದಕ್ಕೆ ಕೋಣೆ ಖಾಲಿ ಇರಬೇಕು. ಖಾಲಿಯೋ ಅಲ್ಲವೋ ಎಂದು ತಿಳಿಯಲು ಅಲ್ಲಿಯವರಿಗೆ ಒಂದೇ ಗುರುತು, ಬಾಗಿಲ ಬಳಿಯ ಚಪ್ಪಲಿ. ಚಪ್ಪಲಿ ಕಿರುಗುಟ್ಟಬಾರದೆಂದು ಎಲ್ಲರೂ ಹೊರಗೆ ಬಿಟ್ಟೇ ಒಳಗೆ ಹೋಗುವುದು. ಆ ಸಂಜೆ ಅಣ್ಣ ಕೆಲಸ ಮುಗಿಸಿ ಚಪ್ಪಲಿ ಮೆಟ್ಟಿ ಹೊರಟವನು, ಮರೆತ ಕನ್ನಡಕಕ್ಕಾಗಿ ಮೆಟ್ಟಿಕೊಂಡೇ ಮತ್ತೆ ಒಳಗೆ ಹೋದ. ಧ್ವನಿ ಹಿಡಿಯುವ ಇಂಜಿನಿಯರು ಬಾಗಿಲ ಕಡೆ ನೋಡಿದರು, ಚಪ್ಪಲಿ ಇಲ್ಲ. ಒಳಗಿನ ದೀಪ ಆರಿಸಿದರು, ಕೆಂಪು ದೀಪ ಹಾಕಿದರು, ಕಿವಿಯ ಹೆಡ್‌ಫೋನು ಕಳಚಿಟ್ಟು ಚಹಾ ಹಿಡಿದುಕೊಂಡರು. ಕೆಂಪು ದೀಪ ಕಂಡರೆ ಕಲ್ಲಾಗಿ ನಿಲ್ಲುವುದು ಅಣ್ಣನ ಜೀವಮಾನದ ಅಭ್ಯಾಸ. ನಿಂತ. ಎದೆ ಆಗಲೇ ಹಿಡಿಯುತ್ತಿತ್ತೋ ಏನೋ, ಒಮ್ಮೆ ತಡೆತಡೆದು ಉಸಿರೆಳೆದುಕೊಂಡ. ಆಮೇಲೆ, ಪ್ರತಿ ಸಲ ಮುಗಿದಾಗಲೂ ಕೇಳುತ್ತಿದ್ದಂತೆ, ಸರಿಯಾಯಿತೇ ಎಂಬರ್ಥದಲ್ಲಿ ಕೇಳಿದ: ‘ಹ್ಞೂಂ?’

ಯಾರೂ ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ಹೋದ.

ಆ ಮೌನವನ್ನೇ ಅವಸರದಲ್ಲಿ ಕತ್ತಲ ತೆರೆಯ ಮೇಲೆ ಹಾಸಿದ್ದೆಂದು ಇಂಜಿನಿಯರು ಗಿಣಿಗೆ ಹೇಳಿದ್ದು ಸಿನಿಮಾ ಬಿಡುಗಡೆಯಾಗಿ, ಜನ ಬೀದಿಬೀದಿಯಲ್ಲಿ ಉಸಿರಿನ ಬಗ್ಗೆ ಉಸಿರುಗಟ್ಟಿ ಜಗಳವಾಡತೊಡಗಿದ ಮೇಲೆ.

ಅತ್ತಿಗೆಗೆ ಯಾರೂ ಹೇಳಬೇಕಾಗಿರಲಿಲ್ಲ. ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಸಿಕ್ಕಾಗಲೆಲ್ಲ ಅವಳು ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದಳು. ಊರ ಹಳೆಯ ಚಿತ್ರಮಂದಿರವೊಂದು ಆ ಚಿತ್ರವನ್ನು ಇನ್ನೂ ಎತ್ತಿರಲಿಲ್ಲ. ಕೊನೆಯ ಭಾಗ ಬಂದಾಗ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವಳು. ಒಮ್ಮೆ ಗಿಣಿ ಜೊತೆಗೆ ಹೋದ. ಸೇತುವೆ ಬಿದ್ದು, ಕತ್ತಲಾಗಿ, ಆ ‘ಹ್ಞೂಂ?’ ಬಂದಾಗ ಅತ್ತಿಗೆ ತುಟಿಯಲ್ಲೇ ಹೇಳಿದಳು: “ಸರಿಯಾಯ್ತು.”

ಹೊರಗೆ ಬಂದ ಮೇಲೆ ಅವಳೇ ಮಾತು ತೆಗೆದಳು. “ಕೇಳ್ತಾರಲ್ಲ. ಯಾರಾದ್ರೂ ಹೇಳ್ಬೇಕಲ್ವಾ.”

ಗಿಣಿ ಕ್ಷೌರದಂಗಡಿಯಿಂದ ಎದ್ದು ಹೋದ ದಿನ ಮಧ್ಯಾಹ್ನವೇ ಇಂಜಿನಿಯರು ಅವನನ್ನು ಕರೆಸಿದರು. ಮೂರನೇ ಭಾಗ ಬರುವ ಮುನ್ನ ಎರಡನೆಯದನ್ನು ಹೊಸ ಶಬ್ದದೊಂದಿಗೆ ಮತ್ತೆ ಬಿಡುತ್ತಾರಂತೆ; ಹಳೆಯ ಪ್ರತಿಗಳೆಲ್ಲ ವಾಪಸ್ಸು. ಮಾತಿನ ಕಡತಗಳೆಲ್ಲ ಭದ್ರವಾಗಿದ್ದವು. ಮೌನದ ಕಡತವನ್ನು ಯಾರು ಕಾಪಾಡುತ್ತಾರೆ? ಅಳಿಸಿಹೋಗಿತ್ತು. ಹಳೆಯ ಪ್ರತಿಯಲ್ಲಿದ್ದ ಉಸಿರು ಸೇತುವೆಯ ಧೂಳಿನ ಸದ್ದಿನೊಂದಿಗೆ ಹಾಲಲ್ಲಿ ನೀರಿನ ಹಾಗೆ ಬೆರೆತಿತ್ತು, ಬೇರೆ ಮಾಡಲು ಬರುವಂತಿರಲಿಲ್ಲ.

“ಕಂಪನಿಗೆ ಆ ಉಸಿರು ಬೇಕೇ ಬೇಕಂತೆ,” ಎಂದರು ಇಂಜಿನಿಯರು, ಅವನ ಮುಖ ನೋಡದೆ. “ಜನ ಅದಕ್ಕೇ ಬರ್ತಾರಂತೆ. ನೀನು ಒಂದ್ಸಲ ಎಳೆದುಬಿಟ್ರೆ ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಗಿಣಿಗೂ ಗೊತ್ತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದ. ಮೆತ್ತನೆಯ ಗೋಡೆಗಳು ಅವನ ಹೆಜ್ಜೆಯನ್ನು ನುಂಗಿದವು. ಮಾತಿನ ಹಾಳೆ ಇಡುವ ಸ್ಟ್ಯಾಂಡಿನ ಅಂಚಿನಲ್ಲಿ ಅಣ್ಣನ ಹೆಬ್ಬೆರಳು ಸವೆಸಿದ ಜಾಗ ಇನ್ನೂ ನುಣುಪಾಗಿತ್ತು. ಬೇಡ ಎಂದರೆ ಅತ್ತಿಗೆ ಮುಂದಿನ ರಜೆಯ ದಿನ ಹಿಂದಿನ ಸಾಲಿನಲ್ಲಿ ಕೂತು ಕಾಯುತ್ತಾಳೆ. ಕತ್ತಲಲ್ಲಿ ಯಾರೂ ಏನೂ ಕೇಳುವುದಿಲ್ಲ. ಹ್ಞೂಂ ಎಂದರೆ ಅವಳು ಗಂಡನಿಗೆಂದು ಇಟ್ಟ ಉತ್ತರವನ್ನು ಇವನು ನುಂಗುತ್ತಾನೆ. ಕೊಟ್ಟ ಮಾತು ಮುರಿದದ್ದು ಅವಳಿಗೆ ತಿಳಿಯುವುದೂ ಇಲ್ಲ.

ಕೆಂಪು ದೀಪ ಹತ್ತಿತು. ಗಿಣಿಯ ಎದೆ, ಅವನನ್ನು ಕೇಳದೆ, ಅಣ್ಣನ ಎದೆಯಾಗತೊಡಗಿತು. ಭುಜ ಎಡಕ್ಕೆ ವಾಲಿತು, ಗಂಟಲು ಕಿರಿದಾಯಿತು, ಉಸಿರು ಎಲ್ಲಿ ತಡೆಯಬೇಕೋ ಅಲ್ಲಿಗೆ ಬಂದು ನಿಂತಿತು. ಅಲ್ಲಿ ನೋವೊಂದು ಇರಬೇಕಾಗಿತ್ತು. ಅವನಿಗೆ ನೋವಿರಲಿಲ್ಲ. ಇದ್ದಂತೆ ಮಾಡಬೇಕು, ಒಂಚೂರು ಜಾಸ್ತಿ ಎಳೆಯಬೇಕು. ಅಣ್ಣ ಆಡಿದ ಮಾತನ್ನೆಲ್ಲ ಅವನು ಆಡಬಲ್ಲವನಾಗಿದ್ದ. ಇದನ್ನು ಅಣ್ಣ ಆಡಿರಲಿಲ್ಲ. ಬರೀ ಉಸಿರಾಡಿದ್ದ.

ಗಿಣಿ ಬಾಯಿ ಮುಚ್ಚಿ ಹೊರಗೆ ಬಂದ. ಚಪ್ಪಲಿ ಮೆಟ್ಟಿಕೊಂಡು, ಖಾಲಿ ಕೋಣೆಯನ್ನೇ ಹಿಡಿಯಿರಿ ಎಂದ.

ಇಂಜಿನಿಯರು ಅವನನ್ನೇ ನೋಡಿದರು. ಕಂಪನಿಯವರು ಯಾವ ಚಿತ್ರವನ್ನೂ ಕೊನೆಯವರೆಗೆ ಕೂತು ನೋಡಿದವರಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬಾಗಿಲ ಬಳಿ ನೋಡಿದರು, ಚಪ್ಪಲಿ ಇರಲಿಲ್ಲ. ಅಷ್ಟಕ್ಕೆ ಬಿಡದೆ ಒಳಗೆ ಹೋಗಿ ದೀಪ ಹಾಕಿ ಮೂಲೆಮೂಲೆ ಇಣುಕಿದರು, ಸ್ಟ್ಯಾಂಡಿನ ಹಿಂದೆ ಕೂಡ. ಆಮೇಲೆ ಇಬ್ಬರೂ ಗಾಜಿನ ಈಚೆ ನಿಂತು ಆ ಖಾಲಿ ಕೋಣೆ ತುಂಬ ಹೊತ್ತು ಸುಮ್ಮನಿರುವುದನ್ನು ಹಿಡಿದುಕೊಂಡರು. ಹಿಂದಕ್ಕೆ ತಿರುಗಿಸಿ ಕೇಳಿದರು. ಏನೂ ಇರಲಿಲ್ಲ.

ಅತ್ತಿಗೆಗೆ ಹೇಳಬೇಕೆಂದು ಗಿಣಿ ಎಷ್ಟೋ ಸಲ ಬಾಯಿ ತೆರೆದ. ತೆರೆದಾಗಲೆಲ್ಲ ನಾಲಿಗೆಯ ತುದಿಯಲ್ಲಿ ಅಣ್ಣ ಕೂತಿದ್ದ. ಹೇಳದೆಯೇ ಮರುಬಿಡುಗಡೆಯ ದಿನ ಬಂತು.

ಚಿತ್ರಮಂದಿರ ಕಿಕ್ಕಿರಿದಿತ್ತು. ಕ್ಷೌರದಂಗಡಿ ಕೋರ್ಟು ಮುಂದಿನ ಸಾಲಿಗೆ ವರ್ಗವಾಗಿತ್ತು. ಮೇಷ್ಟ್ರು, ಮೀಟರಿನವನು, ನಡುವೆ ಯಜಮಾನ. ಹೊಸ ಶಬ್ದದಲ್ಲಿ ತೀರ್ಪು ಸ್ಪಷ್ಟವಾಗುತ್ತದೆಂದು ಮೀಟರಿನವನು ಸುತ್ತಲಿನವರಿಗೆಲ್ಲ ಭರವಸೆ ಕೊಡುತ್ತಿದ್ದ. ಅತ್ತಿಗೆ ಸೆರಗು ಬಿಗಿ ಹಿಡಿದು ಗಿಣಿಯ ಪಕ್ಕದಲ್ಲಿ ಕೂತಿದ್ದಳು.

ಕೊನೆಯ ಬಸ್ಸು ದಾಟಿತು. ಸೇತುವೆ ಬಿತ್ತು. ಕತ್ತಲಾಯಿತು.

ಇಡೀ ಮಂದಿರ ಕಿವಿಯಾಗಿ ಕಾಯಿತು. ಉಸಿರು ಬರುವ ಜಾಗ ಬಂತು, ಕಳೆಯಿತು. ಗಿಣಿ ತನ್ನದೇ ಉಸಿರನ್ನು ಕಟ್ಟಿ ಹಿಡಿದಿದ್ದ. ಪಕ್ಕದ ಕುರ್ಚಿಯ ಕೈ ಕಿರುಗುಟ್ಟಿತು, ಅತ್ತಿಗೆ ಮುಂದಕ್ಕೆ ಬಾಗಿದ್ದಳು. ಮೇಷ್ಟ್ರು “ನೋಡು, ಹೇಳಿರ್ಲಿಲ್ವಾ” ಎಂದರು. ಗೆದ್ದವರ ದನಿಯಾಗಿರಲಿಲ್ಲ ಅದು.

ಆಗ ಮೀಟರಿನವನು ಉಸಿರೆಳೆದ. ತಡೆತಡೆದು, ದೊಡ್ಡದಾಗಿ. “ಹ್ಞೂಂ?” ಎಂದ. ಹಿಂದಿನಿಂದ ಇನ್ನೊಬ್ಬ ಎಳೆದ. ಬಾಲ್ಕನಿಯಿಂದ ಒಂದಷ್ಟು ಜನ. ಮೂಗಿನವರು, ಗಂಟಲಿನವರು, ಎಳೆಯುತ್ತ ಕೆಮ್ಮಿದವರು. ಕೊನೆಗೆ ಸತ್ತ ಪಕ್ಷದ ಮೇಷ್ಟ್ರೂ ಸಣ್ಣಗೆ ಎಳೆದುಬಿಟ್ಟರು. ಕತ್ತಲ ತುಂಬ ಗೊತ್ತಿಲ್ಲದ ಎದೆಗಳೆಲ್ಲ ಅಣ್ಣನ ಉಸಿರನ್ನು ತಪ್ಪುತಪ್ಪಾಗಿ ಆಡಿದವು. ಒಂದೊಂದರ ತಪ್ಪೂ ಗಿಣಿಗೆ ಬೇರೆಬೇರೆಯಾಗಿ ಕೇಳಿಸಿತು. ಸರಿಯಾದುದು ಅವನ ಎದೆಯಲ್ಲಿ ಸಿದ್ಧವಾಗಿತ್ತು. ಅವನು ಬಿಡಲಿಲ್ಲ.

“ಯಾರಿಗೂ ಬರಲ್ಲ,” ಎಂದಳು ಅತ್ತಿಗೆ. “ನಿಂಗೆ ಬರುತ್ತೆ. ನೀನು ಮಾಡ್ಲಿಲ್ಲ.”

“ಇಲ್ಲ ಅತ್ತಿಗೆ. ಮಾಡ್ಲಿಲ್ಲ.”

ಅಂದವನು ಯಾರೆಂದು ಗಿಣಿ ತಾನೇ ಬೆಚ್ಚಿದ. ಅಣ್ಣನದಲ್ಲ; ಸ್ವಲ್ಪ ತೆಳು, ಅಂಚು ಒರಟಾದ ದನಿ. ಅತ್ತಿಗೆ ಅವನ ಕಡೆ ತಿರುಗಿದಳು, ಬಹಳ ದಿನದ ಮೇಲೆ ಊರಿಂದ ಬಂದವನನ್ನು ಬಾಗಿಲಲ್ಲಿ ಕಂಡ ಹಾಗೆ.

ಗದ್ದಲ ಇಳಿಯಿತು. ಹೆಸರುಗಳು ಇನ್ನೂ ಬಂದಿರಲಿಲ್ಲ. ಅವನೇ ಹಿಡಿಸಿದ ಖಾಲಿ ಕೋಣೆಯ ಮೌನ ಕತ್ತಲಲ್ಲಿ ಹರಿಯುತ್ತಲೇ ಇತ್ತು. ಅತ್ತಿಗೆ ಮತ್ತೆ ತೆರೆಯ ಕಡೆಗೆ ಮುಖ ಮಾಡಿ, ತಲೆಯನ್ನು ಒಂದಿಷ್ಟು ವಾಲಿಸಿ ಆಲಿಸಿದಳು. ಗಿಣಿಯೂ ಆಲಿಸಿದ. ಅವನಿಗೆ ಏನೂ ಕೇಳಿಸಲಿಲ್ಲ.

“ಸರಿಯಾಯ್ತು,” ಎಂದಳು ಅತ್ತಿಗೆ, ಕತ್ತಲಿಗೆ.