ಹುರಿಯ ನಡುವೆ ಒಂದು ಕೆಮ್ಮು

ಕಸೀವಾ ಚಿಕ್ಕವಳಿದ್ದಾಗ ಅವರ ಮನೆಗೆ ಬರುವ ಗಂಡಸರು ಬಾಗಿಲು ಬಡಿಯುತ್ತಿರಲಿಲ್ಲ. ಮುಳ್ಳುಬೇಲಿಯ ಆಚೆ ನಿಂತು ಕೆಮ್ಮುತ್ತಿದ್ದರು. ಅಂಗಳದಲ್ಲಿ ಕತ್ತಾಳೆ ನಾರನ್ನು ತೊಡೆಯ ಮೇಲಿಟ್ಟು ಹುರಿ ಹೊಸೆಯುತ್ತಿದ್ದ ಹೆಂಗಸರು ಆ ಕೆಮ್ಮು ಕೇಳಿದ್ದೇ ತಡ, ಮೇಲೆ ಸರಿಸಿಕೊಂಡಿದ್ದ ಬಟ್ಟೆಯನ್ನು ಮೊಣಕಾಲಿನ ಕೆಳಗೆ ಎಳೆದುಕೊಂಡು, ಏನೂ ಮಾಡುತ್ತಿರಲಿಲ್ಲವೆಂಬಂತೆ ಕೂರುತ್ತಿದ್ದರು. ಅಜ್ಜಿಯ ಬಲತೊಡೆಯ ಮೇಲೆ ಅಂಗೈ ಅಗಲದ ಜಾಗವೊಂದು ಉಜ್ಜಿ ಉಜ್ಜಿ ನುಣುಪಾಗಿ, ತಿಕ್ಕಿದ ಸೋರೆಬುರುಡೆಯ ಹಾಗೆ ಹೊಳೆಯುತ್ತಿತ್ತು. ಮಧ್ಯಾಹ್ನದ ಹೊತ್ತು ಕಸೀವಾ ಅದಕ್ಕೇ ಕೆನ್ನೆಯಿಟ್ಟು ಮಲಗುತ್ತಿದ್ದಳು. ಅಲ್ಲಿ ಬೂದಿಯ ವಾಸನೆಯಿತ್ತು, ಹಸಿನಾರಿನ ವಾಸನೆಯಿತ್ತು. ಸರ್ರ್ ಎಂದು ಅಂಗೈ ಮುಂದೆ ಹೋಗಿ, ಸರ್ರ್ ಎಂದು ಹಿಂದೆ ಬರುವ ಸದ್ದಿನಲ್ಲಿ ನಿದ್ದೆ ಬರುತ್ತಿತ್ತು.

ಈಗ ಕೀಟೂಯಿ ಸಂತೆಯಲ್ಲಿ ಬಣ್ಣಬಣ್ಣದ ನೈಲಾನ್ ದಾರ ಸಿಗುತ್ತದೆ. ಬುಟ್ಟಿ ಹೆಣೆಯುವವರು ಇನ್ನೂ ಇದ್ದಾರೆ, ಹುರಿ ಹೊಸೆಯುವವರಿಲ್ಲ. ಊರಿನಲ್ಲಿ ಉಳಿದಿದ್ದವಳು ಕಸೀವಾಳ ತಾಯಿ ಸ್ಯೋಂಬುವಾ ಒಬ್ಬಳೇ. ಅವಳ ಬೆರಳುಗಳೂ ಚಳಿ ಬಂದರೆ ಮಡಿಸಲು ಬಾರದಷ್ಟು ಬಿಗಿಯುತ್ತಿದ್ದವು. ಕಸೀವಾ ತಾಯಿಯ ಮನೆಗೆ ಹೋದಾಗಲೆಲ್ಲ ಮೊದಲು ನೋಡುತ್ತಿದ್ದುದು ಆ ಬೆರಳುಗಳನ್ನು. ತಾನು ಕಾಲೇಜು ಸೇರುವ ಆತುರದಲ್ಲಿ ಕಲಿಯದೆ ಬಿಟ್ಟದ್ದು ಆ ಕೈಗಳ ಜೊತೆಗೇ ಹೋಗಿಬಿಡುತ್ತದೆ ಎಂಬ ಭಯ ಅವಳಿಗೆ.

ಹಾಗಿರುವಾಗ ಅವಳ ಗಂಡ ಕಿಮಾಂಜಿ ನಡೆಸುತ್ತಿದ್ದ ತರಬೇತಿ ಕೇಂದ್ರಕ್ಕೆ ಒಂದು ಸುದ್ದಿ ಬಂತು. ಆ ಕೇಂದ್ರವೆಂದರೆ ತಲೆಯ ಮೇಲೆ ಸೋಲಾರ್ ಹಲಗೆ ಹೊತ್ತ ಹಳೆಯ ಕಂಟೇನರ್. ಒಳಗೆ ಹೊಲಿಗೆ ಯಂತ್ರಗಳು, ಮಕ್ಕಳು ಸರದಿಯ ಮೇಲೆ ಹಿಡಿದು ಕಲಿಯುವ ಟ್ಯಾಬುಗಳು. ಬಂದ ಸುದ್ದಿಯೇನೆಂದರೆ, ಪ್ರತಿ ಕೇಂದ್ರದವರೂ ತಮ್ಮೂರಿನ ಒಂದು ಕೆಲಸವನ್ನು ವಿಡಿಯೊ ಮಾಡಿ ಕೊಟ್ಟರೆ, ಉಳಿದ ಕೇಂದ್ರಗಳ ಹುಡುಗಿಯರೂ ಅದನ್ನು ಕಲಿಯಬಹುದಂತೆ.

"ಅವ್ವನ ಹುರಿ ಕಳಿಸೋಣ," ಎಂದಳು ಕಸೀವಾ.

ಕಿಮಾಂಜಿ ಬೆಚ್ಚಿಬಿದ್ದ. "ನಿನಗೆ ತಲೆ ಕೆಟ್ಟಿದೆಯಾ? ನಾನು ಅತ್ತೆಯವರ ತೊಡೆ ವಿಡಿಯೊ ಮಾಡಬೇಕಾ? ದಾರೀಲಿ ಅವರು ಎದುರು ಬಂದರೆ ನಾನು ಪೊದೆಗೆ ನುಗ್ತೀನಿ. ಕಳೆದ ಸಲ ಮುಳ್ಳು ಚುಚ್ಚಿದ್ದು ಮರ್ತುಹೋಯ್ತಾ?"

"ನಾನು ಮಾಡ್ತೀನಿ."

"ಆಮೇಲೆ ಅದನ್ನ ಕತ್ತರಿಸಿ ಜೋಡಿಸೋದು ಯಾರು? ನಾನೇ ತಾನೆ? ಕಣ್ಣಿಗೆ ಬಟ್ಟೆ ಕಟ್ಕೊಂಡಾ?"

"ಅದನ್ನೂ ನಾನೇ ಮಾಡ್ತೀನಿ. ನೀವು ಹೇಳಿಕೊಡಿ."

ತಾಯಿಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಅತ್ತೆ ಅಳಿಯ ಎದುರುಬದುರಾಗಬಾರದೆಂಬುದು ಅವರ ಕಡೆಯ ಕಟ್ಟಳೆ. ಅಳಿಯನ ಹೆಸರನ್ನೂ ಸ್ಯೋಂಬುವಾ ಬಾಯಲ್ಲಿ ಆಡುತ್ತಿರಲಿಲ್ಲ, ಮೊಮ್ಮಗನ ಹೆಸರು ಹಿಡಿದೇ ಹೇಳುತ್ತಿದ್ದಳು. "ಮುಥೂಯಿಯ ಅಪ್ಪ ನೋಡೋದಿಲ್ಲ ಅಂತ ನಿನ್ನ ಮಗನ ಮೇಲೆ ಆಣೆ ಇಡು," ಎಂದಳು.

"ಇಟ್ಟೆ ಅವ್ವ."

"ಬೇರೆಯವರ ಅಳಿಯಂದಿರು ನೋಡಿದರೆ?"

"ಅವರು ನಿನ್ನ ಅಳಿಯಂದಿರಲ್ಲವಲ್ಲ."

"ಅದೂ ಸರಿ. ಆದರೆ ನಾನು ಮಾತಾಡಲ್ಲ. ಕೆಲಸ ಕೈಯದು, ಬಾಯಿಗೇನು ಸಂಬಂಧ? ಮುಖ ಬೇಕಾದರೆ ತೆಗಿ, ಮುಖ ಚೆನ್ನಾಗಿದೆ."

ಬೆಳಗಿನ ಬಿಸಿಲು ಅಂಗಳಕ್ಕೆ ಇಳಿದಾಗ ಸ್ಯೋಂಬುವಾ ಚಾಪೆಯ ಮೇಲೆ ಕಾಲು ಚಾಚಿ ಕೂತಳು. ತೊಡೆಗೆ ಬೂದಿ ಸವರಿಕೊಂಡಳು. ನಾರಿನ ಎರಡೆಳೆ ಇಟ್ಟು ಅಂಗೈ ಮುಂದೆ ಒತ್ತಿದಳು, ಎರಡೂ ಬೇರೆಬೇರೆಯಾಗಿ ಸುತ್ತಿಕೊಂಡವು. ಹಿಂದೆ ಎಳೆದಳು, ಎರಡೂ ತಬ್ಬಿಕೊಂಡು ಒಂದೇ ಹುರಿಯಾದವು. ಫೋನು ಹಿಡಿದ ಕಸೀವಾ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಬೆರಳುಗಳು ಇವತ್ತೊಂದು ದಿನ ಮಾತು ಕೇಳಲಿ.

ಅಷ್ಟರಲ್ಲಿ ಬೇಲಿಯಾಚೆ ಕೆಮ್ಮು.

ಸ್ಯೋಂಬುವಾಳ ಕೈ ಮಿಂಚಿನಂತೆ ಬಟ್ಟೆ ಕೆಳಗೆಳೆಯಿತು. ಹುರಿಯನ್ನು ಮಡಿಲಲ್ಲಿ ಮುಚ್ಚಿಟ್ಟು, ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಬೇಲಿಯ ಕಡೆ ನೋಡಿದಳು.

"ಬ್ಯಾಟರಿ ತಂದಿದ್ದೆ," ಎಂದಿತು ಕಿಮಾಂಜಿಯ ಸ್ವರ. "ಇಲ್ಲೇ ಕಲ್ಲಿನ ಮೇಲೆ ಇಟ್ಟಿದೀನಿ. ನಾನೇನೂ ನೋಡಿಲ್ಲ, ಹೋಗ್ತಾ ಇದೀನಿ." ಮರಳುಹೊಳೆಯ ಕಡೆಗೆ ಹೆಜ್ಜೆಗಳು ಓಡಿದವು. ಅವು ಕೇಳದಂತಾದ ಮೇಲೆ ಸ್ಯೋಂಬುವಾ ಬಟ್ಟೆ ಸರಿಸಿ, ಬಿಟ್ಟಲ್ಲಿಂದಲೇ ಹೊಸೆಯತೊಡಗಿದಳು.

ಆ ಸಂಜೆ ಕಂಟೇನರಿನ ಒಳಗೆ ಕಸೀವಾ, ಹೊರಗೆ ಗೋಡೆಗೆ ಒರಗಿ ಕಿಮಾಂಜಿ.

"ಕತ್ತರಿಯ ಚಿತ್ರ ಒತ್ತು."

"ಎಲ್ಲಿದೆ?"

"ಎಡಗಡೆ ಇರಬೇಕು. ನಾನು ಒಳಗೆ ಬರೋ ಹಾಗಿಲ್ಲವಲ್ಲ ಮಾರಾಯ್ತಿ!"

"ಅಯ್ಯೋ, ಎಲ್ಲಾ ಹೋಯ್ತು!"

"ಹೋಗಿಲ್ಲ, ಹಿಂದೆ ತಿರುಗಿದ ಬಾಣ ಒತ್ತು. ಅಳಬೇಡ."

ಹೀಗೆ ಗೋಡೆಯಾಚೆಯಿಂದಲೇ ಅವಳು ಆ ವಿದ್ಯೆ ಕಲಿತಳು. ಕೆಮ್ಮು ಬರುವ ಮುಂಚೆ ಒಂದು ಗೆರೆ ಎಳೆದಳು, ಹೆಜ್ಜೆಗಳು ಮರೆಯಾದ ಮೇಲೆ ಇನ್ನೊಂದು. ಗಂಡನ ಮಾತು ಬೇಡವೆಂದು ಆ ಎರಡು ಗೆರೆಗಳ ನಡುವಿನ ಸದ್ದನ್ನೆಲ್ಲ ಅಳಿಸಿದಳು. ಉಳಿದದ್ದು ಬಟ್ಟೆ ಎಳೆದುಕೊಂಡು ಬೇಲಿಯ ಕಡೆ ನೋಡುವ ತಾಯಿ. ಕತ್ತು, ಗಲ್ಲ, ಕಣ್ಣು ಎಲ್ಲ ಥೇಟ್ ಅಜ್ಜಿ. ಅದನ್ನು ಕತ್ತರಿಸಲು ಬೆರಳು ಏಳಲಿಲ್ಲ. ಹಾಗೇ ಕಳಿಸಿದಳು.

ಮುಂದಿನ ಚಳಿಗೆ ಸ್ಯೋಂಬುವಾಳ ಬೆರಳುಗಳು ಮಡಿಸಿಕೊಂಡವು, ಮತ್ತೆ ಬಿಚ್ಚಿಕೊಳ್ಳಲಿಲ್ಲ. ಕಸೀವಾ ತಾನೇ ಕೂತು ಹೊಸೆದು ನೋಡಿದಳು. ಹುರಿ ಬಂತು, ಆದರೆ ಗಂಟುಗಂಟಾಗಿ. ಊರಿನ ಹುಡುಗಿಯರು ವಿಡಿಯೊ ನೋಡಿ ನಕ್ಕು ಹೊಲಿಗೆ ಯಂತ್ರಕ್ಕೆ ಹೋದರು. ಟ್ಯಾಬಿನಲ್ಲಿ ಉಳಿದದ್ದು ಕೈಯಲ್ಲಿ ಉಳಿದ ಹಾಗಲ್ಲ ಎಂದು ಅವಳು ದಿನವೂ ಕೊರಗುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ಟಾನಾ ಹೊಳೆದಂಡೆಯ ಕೇಂದ್ರವೊಂದಕ್ಕೆ ಗಂಡನ ಜೊತೆ ಹೋದಾಗ, ಮಾವಿನ ಮರದ ಕೆಳಗೆ ಆ ಸದ್ದು ಕೇಳಿತು. ಸರ್ರ್, ಸರ್ರ್. ಕಸೀವಾ ಗಂಡನನ್ನು ಅಲ್ಲೇ ನಿಲ್ಲಿಸಿ ಓಡಿದಳು. ಹುಡುಗಿಯರ ಸಾಲು, ತೊಡೆಗೆ ಬೂದಿ, ಕೈಯಲ್ಲಿ ನಾರು. ಒಂದು ಹುರಿ ಎತ್ತಿ ಜಗ್ಗಿದಳು. ಗಟ್ಟಿ. ಅವ್ವನದರ ಹಾಗೇ ನುಣುಪು.

ಇದ್ದಕ್ಕಿದ್ದಂತೆ ಹುಡುಗಿಯರೆಲ್ಲ ಬಟ್ಟೆ ಕೆಳಗೆಳೆದುಕೊಂಡರು. ಹುರಿಯನ್ನು ಮಡಿಲಲ್ಲಿ ಮುಚ್ಚಿಟ್ಟು, ಬೆನ್ನು ನೆಟ್ಟಗೆ ಮಾಡಿ, ದೂರಕ್ಕೆ ನೋಡಿದರು. ಯಾರೂ ಬಂದಿರಲಿಲ್ಲ.

"ಇದ್ಯಾಕಮ್ಮ ಹೀಗೆ?" ಎಂದಳು ಕಸೀವಾ.

"ಹುರಿಗೆ ವಿಶ್ರಾಂತಿ ಬೇಕಲ್ಲ ಅಕ್ಕ," ಎಂದಳು ದಹಾಬು ಎಂಬ ಹುಡುಗಿ. "ವಿಡಿಯೊದಲ್ಲಿ ಅಜ್ಜಿ ಹೀಗೇ ಮಾಡ್ತಾರೆ. ಇವಳು ಒಂದ್ಸಲ ಹೀಗೆ ಮಾಡದೆ ಬಿಟ್ಟಳು, ಎಲ್ಲಾ ಬಿಚ್ಚಿಕೊಂಡಿತು."

"ಸುಳ್ಳು! ಬೂದಿ ಹಚ್ಚೋದು ಮರ್ತಿದ್ದೆ, ಅದಕ್ಕೆ ಬಿಚ್ಚಿಕೊಂಡಿದ್ದು," ಎಂದಳು ಪಕ್ಕದವಳು.

ಕಸೀವಾ ತಿದ್ದಲು ಬಾಯಿ ತೆರೆದಳು. ಹುಡುಗಿಯರು ಆಗಲೇ ಬಟ್ಟೆ ಸರಿಸಿ ಮತ್ತೆ ಹೊಸೆಯುತ್ತಿದ್ದರು. ಅವಳು ಅವರ ನಡುವೆ ಜಾಗ ಮಾಡಿಕೊಂಡು ಕೂತಳು.

ಊರಿಗೆ ಮರಳಿ ತಾಯಿಗೆ ಇದನ್ನೆಲ್ಲ ಹೇಳಿದಾಗ ಸ್ಯೋಂಬುವಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ತಪ್ಪು ಅಂತ ಹೇಳಲಿಲ್ಲ ತಾನೆ?"

"ಇಲ್ಲ ಅವ್ವ."

"ಒಳ್ಳೇದಾಯ್ತು. ನಿನ್ನ ಅಜ್ಜಿ ಯಾರೂ ಕೆಮ್ಮದೇ ಇದ್ದಾಗಲೂ 'ಯಾರೋ ಬಂದರು' ಅಂತ ಬಟ್ಟೆ ಎಳ್ಕೊಂಡು ಕೂತುಬಿಡ್ತಿದ್ದಳು. ತೊಡೆ ಉರಿಯುತ್ತಲ್ಲ ಮಗಳೇ. ಆ ಹುಡುಗೀರಿಗೂ ಉರಿಯುತ್ತೆ."

ಅಜ್ಜಿಯ ತೊಡೆಯ ಆ ನುಣುಪು ಜಾಗ ಉರಿಯುತ್ತಿತ್ತೆಂದು ಕಸೀವಾಳಿಗೆ ಈವರೆಗೆ ಹೊಳೆದೇ ಇರಲಿಲ್ಲ. ದಹಾಬು ಕೊಟ್ಟ ಹುರಿಯ ಉಂಡೆಯನ್ನು ಅವಳು ತಾಯಿಯ ಮಡಿಲಲ್ಲಿಟ್ಟಳು. ಸ್ಯೋಂಬುವಾ ಮಡಿಸಿದ ಬೆರಳುಗಳ ಗೆಣ್ಣಿನಿಂದಲೇ ಅದನ್ನು ಸವರಿ ನೋಡುತ್ತಿದ್ದಳು.

ಬೇಲಿಯಾಚೆ ಕಿಮಾಂಜಿ ಕೆಮ್ಮಿದ. ಸ್ಯೋಂಬುವಾಳ ಬಟ್ಟೆ ಪಾದದವರೆಗೂ ಇತ್ತು. ಆದರೂ ಅವಳು ಅದನ್ನು ಇನ್ನಷ್ಟು ಕೆಳಗೆಳೆದುಕೊಂಡು, ಉಂಡೆಯನ್ನು ಮಡಿಲಲ್ಲಿ ಮುಚ್ಚಿಟ್ಟು, ನೆಟ್ಟಗೆ ಕೂತಳು.